ಹಸಿ ಮೀನು ತಿಂದ ಸೊಸೆ

ಶಹಾಪುರದಲ್ಲಿ ನಮ್ಮದು ಭತ್ತ ನಾಟಿ ಮಾಡುವ ಯಂತ್ರಗಳ ಅಂಗಡಿ. ಹೋದ ವರ್ಷ ವ್ಯಾಪಾರ ಚೆನ್ನಾಗಿ ಆಯಿತೆಂದು ಕಂಪನಿಯವರು ಡೀಲರುಗಳನ್ನು ಜಪಾನಿಗೆ ಕರೆದೊಯ್ಯುವುದಾಗಿ ಹೇಳಿದರು. ಗಂಡ-ಹೆಂಡತಿ ಇಬ್ಬರಿಗೂ ಟಿಕೇಟು. ಆದರೆ ಟಿಕೇಟು ಬಂದದ್ದು ಸರಿಯಾಗಿ ನಾಟಿಯ ಹೊತ್ತಿಗೆ. ಆಗ ಯಂತ್ರ ಕೆಟ್ಟು ನಿಂತರೆ ರೈತರು ಅಂಗಡಿಯ ಮುಂದೆ ಕೂತು ಬೈಯುತ್ತಾರೆ. "ನೀನು, ಅವ್ವ ಹೋಗಿ ಬರ್ರಿ" ಎಂದುಬಿಟ್ಟರು ನಮ್ಮ ಮನೆಯವರು. ಹೀಗೆ ಹೊಸ ಮದುವಣಿಗರಂತೆ ಸಿಂಗರಿಸಿಕೊಂಡು ಹೊರಟ ದಂಪತಿಗಳ ನಡುವೆ ಅತ್ತೆ-ಸೊಸೆಯ ಜೋಡಿ ನಮ್ಮದೊಂದೇ.

ಅತ್ತೆಯ ತವರು ಕೃಷ್ಣೆಯ ದಂಡೆಯ ತಿಂಥಣಿ. ಹೊಳೆ ಮೀನು ತಿಂದೇ ಬೆಳೆದವರು. ಆದರೆ ಅವರ ಲೆಕ್ಕದಲ್ಲಿ ಮೀನು ಅಂದರೆ ಖಾರ, ಹುಣಸೆಹುಳಿ ಹಾಕಿ ಚೆನ್ನಾಗಿ ಕುದಿಸಿದ್ದು. ತುಸು ಬೆಂದಿಲ್ಲ ಅನಿಸಿದರೂ ಗಡಿಗೆ ಮತ್ತೆ ಒಲೆ ಏರಬೇಕು. ನಾನಾದರೋ ಹೊರಡುವ ಮೊದಲೇ ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಅರ್ಧ ಜಪಾನಿಯಾಗಿದ್ದೆ. ಪ್ರವಾಸದಲ್ಲಿ ಸುಶಿ ಕಲಿಸುವ ತರಗತಿಯೂ ಉಂಟೆಂದು ತಿಳಿದಾಗ ಓಣಿಯ ಹೆಂಗಸರಿಗೆಲ್ಲ ಹೇಳಿಕೊಂಡು ತಿರುಗಿದೆ. ಅನ್ನದ ಮೇಲೆ ಹಸಿ ಮೀನು ಇಟ್ಟು ತಿನ್ನುತ್ತಾರೆ ಎಂದು ವಿವರಿಸಿದಾಗ ಅವರ ಮುಖ ಕಿವುಚಿಕೊಳ್ಳುವುದನ್ನು ನೋಡುವುದೇ ನನಗೊಂದು ಸುಖ.

ಒಸಾಕಾದಲ್ಲಿ ಒಂದು ಸಣ್ಣ ಕಟ್ಟಡದ ಮಹಡಿಯ ಮೇಲೆ ಆ ತರಗತಿ. ಕಲಿಸುವವರು ತೆಳ್ಳಗಿನ ನಡುವಯಸ್ಕರು. ಅವರು ಹೇಳಿದ್ದನ್ನು ನಮ್ಮ ಗೈಡ್ ಹಿಂದಿಯಲ್ಲಿ ಹೇಳುತ್ತಿದ್ದ. ಡೀಲರುಗಳಲ್ಲಿ ಬಹಳ ಮಂದಿ ಮೀನಿನ ವಾಸನೆಗೇ ಕೆಳಗಿಳಿದು ಚಹಾ ಹುಡುಕಿಕೊಂಡು ಹೋದರು. ಉಳಿದ ಕೆಲವರಲ್ಲಿ ನಾನು ಮುಂದಿನ ಸಾಲು.

ಮೊದಲು ಬಿಸಿ ಅನ್ನಕ್ಕೆ ವಿನೆಗರ್, ಸಕ್ಕರೆ, ಉಪ್ಪು ಬೆರೆಸಿ ಬೀಸಣಿಗೆಯಿಂದ ಗಾಳಿ ಹಾಕಿದರು.

"ಅನ್ನಕ್ಕೂ ಸೆಕಿ ಆಗ್ಯಾದೇನ?" ಎಂದರು ಅತ್ತೆ.

"ಸುಮ್ನಿರ್ರಿ ಅತ್ತಿ, ಕಲಿಸಾಕತ್ತಾರ."

ಆಮೇಲೆ ಕೈ ಒದ್ದೆ ಮಾಡಿಕೊಂಡು ಅನ್ನ ಹಿಡಿಯಬೇಕು ಎಂದರು. ಗದ್ದೆಗಳ ನಡುವೆ ಬದುಕುವ ನನಗೆ ಅನ್ನ ಹಿಡಿಯುವುದನ್ನು ಹೇಳಿಕೊಡಬೇಕೇ? ನಾನು ಒಣ ಕೈಯನ್ನೇ ಹಾಕಿದೆ. ಅನ್ನ ಮುಂಗೈವರೆಗೂ ಮೆತ್ತಿಕೊಂಡಿತು. ಕಲಿಸುವವರು ನೀರಿನ ಬಟ್ಟಲನ್ನು ನನ್ನ ಹತ್ತಿರ ಸರಿಸಿ ತಲೆಬಾಗಿದರು. ಅವರು ಬೈದಿದ್ದರೇ ಚೆನ್ನಾಗಿತ್ತು.

ಅಂತೂ ಅನ್ನದ ಎರಡು ಉಂಡೆ ಕಟ್ಟಿ, ಮೇಲೆ ಕಿತ್ತಳೆ ಬಣ್ಣದ ಹಸಿ ಮೀನಿನ ಬಿಲ್ಲೆ ಕೂರಿಸಿದೆ. ಅತ್ತೆ ಕಪ್ಪು ಹಾಳೆಯಲ್ಲಿ ಸೌತೆಕಾಯಿ ಸುರುಳಿ ಸುತ್ತಿ ಆಗಲೇ ತಿಂದು ಮುಗಿಸಿದ್ದರು. ಅದು ಕಡಲಪಾಚಿ ಒಣಗಿಸಿ ಮಾಡಿದ ಹಾಳೆ ಎಂದು ನಾನು ಹೇಳಲು ಹೋಗಲಿಲ್ಲ. ಒಂದು ಸುಶಿಯನ್ನು ಕೈಯಲ್ಲಿ ಹಿಡಿದು, ಬಾಯಿ ತೆರೆದು ಫೋಟೋ ತೆಗೆಸಿಕೊಂಡು ಮನೆಯ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಬಾಯಿ ಮುಚ್ಚುವ ಪ್ರಶ್ನೆ ಎದುರಾದದ್ದು ಅದರ ನಂತರ.

ಕಲಿಸುವವರು ನನ್ನೆದುರು ಕೈಕಟ್ಟಿ ನಿಂತು, ಹೇಗಿದೆ ಎಂಬಂತೆ ನೋಡುತ್ತಿದ್ದರು. ಮೀನು ತುಟಿಗೆ ತಾಕಿತು. ತಣ್ಣಗಿತ್ತು. ಕೈ ಹಿಂದಕ್ಕೆ ತೆಗೆದೆ.

"ಏನಾತಬೇ?"

"ಒಳಗ ಹೋಗವಲ್ದ್ರಿ ಅತ್ತಿ."

"ಇಷ್ಟೊತ್ತನಕಾ ನಿಂತು ಕಲಿಸ್ಯಾನ. ಅವನ ಮುಂದ ಹಂಗ ಇಟ್ಟು ಎದ್ದು ಹೋಗ್ತಿ?"

ಅಷ್ಟಂದವರೇ ಅತ್ತೆ ನನ್ನ ಕೈಯಲ್ಲಿದ್ದುದನ್ನು ಕಸಿದು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ನಿಧಾನ ಅಗಿದರು. ತಟ್ಟೆಯಲ್ಲಿದ್ದ ಇನ್ನೊಂದನ್ನೂ ತಿಂದರು. ಕಲಿಸುವವರು ಸೊಂಟದವರೆಗೆ ಬಾಗಿ ನಮಸ್ಕರಿಸಿದರು. ಅತ್ತೆ ಸೆರಗು ಸರಿಮಾಡಿಕೊಂಡು ಅವರಿಗಿಂತ ಹೆಚ್ಚೇ ಬಾಗಿದರು. ಮೆಟ್ಟಿಲಿಳಿಯುವಾಗ ನನ್ನ ರಟ್ಟೆ ಹಿಡಿದು, "ಊರಾಗ ಯಾರ ಮುಂದೂ ಅನಬ್ಯಾಡ. ನಮ್ಮ ತವರಿನವ್ರು ಸಾಯೋತನಕ ಆಡಿಕೋತಾರ" ಎಂದರು.

ಶಹಾಪುರ ಮುಟ್ಟುವಷ್ಟರಲ್ಲಿ ನನ್ನ ತೆರೆದ ಬಾಯಿಯ ಫೋಟೋ ಊರು ಸುತ್ತಿತ್ತು. "ಖರೇನ ಹಸೀದ ತಿಂದ್ರಿ?" ಎಂದು ಹೆಂಗಸರು ಕೇಳಿದರೆ, ನಾನು ಬಾಯಿ ತೆರೆಯುವ ಮೊದಲೇ ಅತ್ತೆಯ ಉತ್ತರ ಬರುತ್ತಿತ್ತು: "ನಾ ಬರೇ ಸೌತಿಕಾಯಿ ತಿಂದೆನ್ರೆವ್ವ. ಈಕಿಗೇ ಭಾಳ ಧೈರ್ಯ." ಪಕ್ಕದ ಔಷಧಿ ಅಂಗಡಿಯವರು ಕೇಳದೆಯೇ ಜಂತುಹುಳದ ಗುಳಿಗೆ ಕಳಿಸಿದರು. ನಮ್ಮ ಮನೆಯವರು ಕೆಲವು ದಿನ ನನ್ನಿಂದ ತುಸು ದೂರವೇ ಕೂತರು. ನಾನು ತಿಂದಿಲ್ಲ ಎನ್ನೋಣವೆಂದರೆ ನನ್ನದೇ ಫೋಟೋ ಅಡ್ಡ ಬರುತ್ತಿತ್ತು.

ಮುಂದೆ ಸುರಪುರದ ನಾದಿನಿ ಒಂದು ಭಾನುವಾರ ಕರೆದಳು. ಸುಶಿ ಮಾಡಿ ತೋರಿಸಬೇಕಂತೆ. ಹೈದರಾಬಾದಿನಿಂದ ಆ ಕಪ್ಪು ಹಾಳೆ ತರಿಸಿಕೊಂಡು, ಅತ್ತೆಯ ಜೊತೆ ಹೋದೆ. ಹಸಿ ಮೀನಿನ ಬದಲು ಕರಿದ ಮೀನು. ಆದರೆ ಸೋನಾ ಮಸೂರಿ ಅನ್ನ ಒಂದಕ್ಕೊಂದು ಅಂಟಲೊಲ್ಲದು. ಸುರುಳಿ ಸುತ್ತಿದಂತೆ ಬಿಚ್ಚಿಕೊಳ್ಳುತ್ತಿತ್ತು. ನಾದಿನಿ ಸಹಾಯಕ್ಕೆಂದು ಹೊಲಿಗೆಯ ದಾರ ತಂದಳು.

"ಅತ್ತಿಗಿ, ಆ ಹಸಿ ಮೀನ ಹೆಂಗಿತ್ತು, ಖರೇ ಹೇಳ್ರಿ" ಎಂದಳು.

ಇಷ್ಟು ದಿನದ ಅಭ್ಯಾಸದಿಂದ ನಾನು ಸಲೀಸಾಗಿ, "ಏನದವಾ, ರಬ್ಬರ್ ಅಗದಂಗ" ಎಂದೆ.

ಮೀನಿನ ಸಾರಿಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಅತ್ತೆ ತಲೆಯೆತ್ತಿದರು. "ಎಲ್ಲೀ ರಬ್ಬರ್? ಬೆಣ್ಣಿ ಇದ್ದಂಗಿತ್ತು! ನಾಲಿಗಿ ಮ್ಯಾಲ ಇಟ್ರ ಕರಗತಿತ್ತು."

"ಯವ್ವಾ, ನಿನಗ ಹೆಂಗ ಗೊತ್ತು?" ಎಂದಳು ನಾದಿನಿ.

ಅತ್ತೆ ನನ್ನನ್ನು ನೋಡಿದರು. ನಾನು ದಾರ ಸುತ್ತುವುದರಲ್ಲಿ ಮುಳುಗಿದೆ.

"ಎರಡ ತಿಂದೆ. ಏನೀಗ?"

ನಾದಿನಿ ನಕ್ಕು ನಕ್ಕು ನೆಲಕ್ಕೆ ಕೂತಳು. ಮತ್ತೆ ಕೊಟ್ಟರೆ ತಿನ್ನುತ್ತೀಯಾ ಎಂದು ಕೇಳಿದಳು. "ಆ ಜಪಾನದವ ಮಾಡಿಕೊಟ್ರ ತಿಂತೀನಿ. ಈಕಿ ಮಾಡಿದ್ರ ಒಲ್ಲೆ" ಎಂದರು ಅತ್ತೆ. ನನ್ನ ಸುಶಿಯ ದಾರಗಳನ್ನೆಲ್ಲ ಬಿಚ್ಚಿ, ಅನ್ನವನ್ನು ಮೀನಿನ ಸಾರಿಗೆ ಕಲಸಿ ಎಲ್ಲರೂ ಉಂಡೆವು. ಉಣ್ಣುವಾಗ ಯಾರೂ ನನ್ನ ಧೈರ್ಯದ ಮಾತೆತ್ತಲಿಲ್ಲ. ಅಷ್ಟು ದಿನ ಬೇಡವೆಂದಿದ್ದ ಕೀರ್ತಿ ಕೈತಪ್ಪಿದಾಗ ತುಸು ಕಸಿವಿಸಿಯಾದದ್ದು ಸುಳ್ಳಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ನನ್ನ ಕಿವಿಯ ಹತ್ತಿರ ಬಾಗಿದರು.

"ಆ ಮೀನ ನಮ್ಮ ಹೊಳ್ಯಾಗ ಸಿಗತಾವೇನ?"

"ಇಲ್ರಿ ಅತ್ತಿ. ಅವು ತಣ್ಣನ ಸಮುದ್ರದ್ವು."

"ಹಂಗಾರ ಬಿಡು," ಎಂದು ಸೆರಗು ಹೊದ್ದು ಕಣ್ಣು ಮುಚ್ಚಿದರು.