ನನ್ನ ಓರಗಿತ್ತಿಯ ನೀರಿನ ಡ್ರಮ್ಮು

ಮೊನ್ನೆ ನಮ್ಮ ಷೆಡ್ಡಿನ ಹಳೇ ಕಪಾಟು ಖಾಲಿ ಮಾಡುವಾಗ ಒಂದು ಕನ್ನಡಕ ಸಿಕ್ಕಿತು. ಓದುವ ಕನ್ನಡಕ ಅಲ್ಲ. ಕಣ್ಣಿನ ಸುತ್ತ ಗಟ್ಟಿಯಾಗಿ ಕೂರುವ ಪ್ಲಾಸ್ಟಿಕ್ಕಿನದು, ತಲೆಯ ಹಿಂದಕ್ಕೆ ರಬ್ಬರ್ ಪಟ್ಟಿ. ಮೂಗಿನ ಹತ್ತಿರ ಹಿಡಿದೆ. ಮೆಂತ್ಯ ಹಾಕಿ ಕಾಸಿದ ಕೊಬ್ಬರಿ ಎಣ್ಣೆಯ ವಾಸನೆ ಆ ಪಟ್ಟಿಯಲ್ಲಿ ಇನ್ನೂ ಉಳಿದಿತ್ತು... ದುಃಖ ಬಂತು ಅಂದುಕೊಳ್ಳಬೇಡಿ. ಮೊದಲು ಬಂದಿದ್ದು ಹೊಟ್ಟೆಕಿಚ್ಚೇ.

ಅದು ನನ್ನ ಓರಗಿತ್ತಿಯದು. ನನ್ನ ಮೈದುನನ ಹೆಂಡತಿ.

ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ರಸ್ತೆಯ ಪಕ್ಕ ನಮ್ಮ ಷೆಡ್ಡು. ಫಿನಾಯಿಲು, ಪಾತ್ರೆ ತೊಳೆಯುವ ಲಿಕ್ವಿಡ್ಡು ಮಾಡಿ ಕ್ಯಾನಿಗೆ ತುಂಬಿ ಮಾರುತ್ತಿದ್ದೆವು. ನನ್ನ ಗಂಡ, ಮೈದುನ ಇಬ್ಬರೂ ಗಾಡಿಯ ಮೇಲೆ ಊರೂರು ಸುತ್ತೋರು. ಬೆರೆಸೋದು, ತುಂಬೋದು ನನ್ನ ಕೆಲಸ. ಅತ್ತೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರೋರು. ಯಾರು ಏನೇ ಕೇಳಲಿ, "ದೊಡ್ಡೋಳನ್ನ ಕೇಳ್ರಿ" ಅನ್ನೋರು. ದೊಡ್ಡೋಳು ಅಂದರೆ ನಾನು, ದೊಡ್ಡ ಸೊಸೆ. ಬಿ.ದುರ್ಗದ ಕಡೆ ಕುರಿ ಸಾಕುವ ಮನೆಯಿಂದ ಬಂದವಳು, ಹತ್ತನೇ ಕ್ಲಾಸಿಗೆ ನಿಲ್ಲಿಸಿದವಳು. 'ದೊಡ್ಡೋಳನ್ನ ಕೇಳ್ರಿ' ಅನ್ನೋ ಆ ಒಂದು ಮಾತು ಕಿವಿಗೆ ಬಿದ್ದರೆ ನನಗೆ ಊಟವೂ ಬೇಡವಾಗಿತ್ತು.

ಆಮೇಲೆ ಇವಳು ಬಂದಳು. ಮಾರಿಕಣಿವೆ ಕಡೆಯ ಹುಡುಗಿ, ಬಿಎಸ್ಸಿ. ಮದುವೆಗೆ ಮುಂಚೆ ಹಿರಿಯೂರಲ್ಲಿ ಒಂದು ಕಾರ್ಖಾನೆಯ ಲ್ಯಾಬಿನಲ್ಲಿದ್ದಳಂತೆ. ಯಾವ ರಾಸಾಯನಿಕ ಚರ್ಮ ಸುಡುತ್ತೆ, ಯಾವುದು ಕಣ್ಣು ಹಾಳುಮಾಡುತ್ತೆ ಅಂತ ನೋಡಿ, ಡಬ್ಬಿಯ ಮೇಲೆ ಏನು ಬರೆಯಬೇಕು ಅಂತ ಹೇಳೋದು ಅವಳ ಕೆಲಸವಂತೆ. ಅದೂ ಒಂದು ಕೆಲಸವಾ ಅಂತ ಮೂಗು ಮುರಿದೆ. ಸುಟ್ಟರೆ ಗೊತ್ತಾಗಲ್ವಾ?

ಬಂದ ಹೊಸದರಲ್ಲೇ ಷೆಡ್ಡಿನೊಳಗೆ ಒಂದು ನೀಲಿ ಡ್ರಮ್ಮು ತಂದಿಟ್ಟಳು. ಕೆಳಗೊಂದು ನಲ್ಲಿ, ಅದಕ್ಕೊಂದು ಪೈಪು. ದಿನಾ ಬೆಳಿಗ್ಗೆ ಒಳ್ಳೇ ನೀರು ತುಂಬಿಸಬೇಕು, ಆ ನೀರಿಗೆ ಯಾರೂ ಚೊಂಬು ಅದ್ದಬಾರದು. ಕ್ಯಾನು ತೊಳೆಯೋಕೂ ಇಲ್ಲ, ಕುಡಿಯೋಕೂ ಇಲ್ಲ. ನಾವೋ ಟ್ಯಾಂಕರ್ ಕಾದು ನೀರು ಹಿಡಿಯೋರು! "ಡ್ಯಾಮಿನ ಊರಿನೋಳಲ್ವಾ, ನೀರಿನ ಕಷ್ಟ ಏನು ಗೊತ್ತು?" ಅಂತ ಚುಚ್ಚಿದೆ. "ಬೇಕಾದಾಗ ಹುಡುಕೋ ಹಂಗಿರಬಾರದು ಅಕ್ಕ" ಅಂದಳು. ಅಷ್ಟೇ. ಜಗಳಕ್ಕೆ ಬಂದಿದ್ದರೆ ನನಗೂ ಒಂದು ಸಮಾಧಾನ ಇರುತ್ತಿತ್ತು. ಬರುತ್ತಿರಲಿಲ್ಲ ಮಾರಾಯಿತಿ.

ಅತ್ತೆ ಅವಳನ್ನು ತಲೆ ಮೇಲೆ ಕೂರಿಸಿಕೊಂಡರು. ಕೂದಲಿಗೆ ಹಚ್ಚುವ ಬಣ್ಣ ತಂದರೂ ಅವಳ ಮುಂದೆ ಹಿಡಿಯೋರು, ಗೋಡೆಗೆ ಬಳಿಯುವ ಸುಣ್ಣಕ್ಕೂ ಅವಳದೇ ಮಾತು. ಒಂದು ದಿನ ಸೋಪು ಮಾರುವವನೊಬ್ಬ ಬಾಗಿಲಲ್ಲಿ ನಿಂತು ಏನೋ ಕೇಳಿದ. ಅತ್ತೆ ನನ್ನ ಮುಖ ನೋಡಿಕೊಂಡೇ "ಚಿಕ್ಕೋಳನ್ನ ಕೇಳಪ್ಪ" ಅಂದರು. ಆವತ್ತು ನಾನು ಕುದ್ದ ಕುದಿಗೆ ಅನ್ನ ಬೇಯಿಸಬಹುದಿತ್ತು.

ಅದಕ್ಕೇ ಹಟ ಹಿಡಿದು ನಂದೇ ಅಂತ ಒಂದು ಸಾಮಾನು ಮಾಡಿದೆ. ಹೋಟ್ಲು ಒಲೆಯ ಜಿಡ್ಡು, ಗ್ಯಾರೇಜಿನ ಗ್ರೀಸು ತೆಗೆಯುವ ನೀರು. ಕಾಸ್ಟಿಕ್ ಸೋಡಾ ಎಷ್ಟು, ಸೋಪಿನ ಎಣ್ಣೆ ಎಷ್ಟು ಅಂತ ನಾನೇ ಹದ ಹಿಡಿದೆ. ಹಳೇ ಬಾಣಲೆಗೆ ಸುರಿದರೆ ಕರೀ ಜಿಡ್ಡು ಕೆನೆ ಹಂಗೆ ಎದ್ದು ಬರೋದು! ಕ್ಯಾನಿನ ಮೇಲೆ ಸೇವಂತಿಗೆ ಹೂವಿನ ಚಿತ್ರ, ಕೆಳಗೆ 'ಕೈಗೆ ಮೃದು' ಅಂತ ಹಾಕಿಸಬೇಕು ಅಂತ ಮನಸ್ಸಲ್ಲೇ ಬರೆದುಕೊಂಡಿದ್ದೆ. ಮುಟ್ಟಿದರೆ ಸೋಪಿನ ಹಂಗೆ ನುಣ್ಣಗೆ ಜಾರುತ್ತಿತ್ತು, ಆಸಿಡ್ಡಿನ ಹಂಗೆ ಚುರುಗುಟ್ಟುತ್ತಿರಲಿಲ್ಲ.

ಅವಳು ಈ ಕನ್ನಡಕ ಹಾಕಿಕೊಂಡು, ಕೈಗೆ ಗ್ಲೌಸು ಏರಿಸಿ, ಕಾಸ್ಟಿಕ್ಕಿಗೆ ನೀಲಿ, ಆಸಿಡ್ಡಿಗೆ ಕೆಂಪು ತಿರುಗುವ ಒಂದು ಕಾಗದದ ಪಟ್ಟಿ ಅದ್ದಿದಳು. ಕಡುನೀಲಿಗೆ ತಿರುಗಿತು.

"ಇಷ್ಟು ಕಡುಬಣ್ಣ ಬಂದ್ರೆ ಮುಂದಿನ ಪರೀಕ್ಷೆನೇ ಬ್ಯಾಡ ಅಕ್ಕ. ಚರ್ಮ ಸುಡುತ್ತೆ ಅಂತಲೇ ಬರೀಬೇಕು."

"ಕಣ್ಣಿಗೆ?"

"ಚರ್ಮ ಸುಡೋದು ಕಣ್ಣು ಬಿಡುತ್ತಾ? ಅದನ್ನ ಬೇರೆ ಕೇಳಬೇಕಾ?"

ಸೇವಂತಿಗೆ ಹೋಯ್ತು. ಅದರ ಜಾಗದಲ್ಲಿ ಹನಿ ಬಿದ್ದು ಕೈ ಕರಗುವ ಚಿತ್ರ ಬರಬೇಕಂತೆ. ಅನುಮಾನದ ಸಾಮಾನಾದರೆ ದೊಡ್ಡ ಲ್ಯಾಬಿಗೆ ಕಳಿಸಿ, ಗಾಜಿನೊಳಗೆ ಬೆಳೆಸಿದ ಚರ್ಮದ ಮೇಲೆ ನೋಡ್ತಾರೆ, ಕಸಾಯಿಖಾನೆಯಿಂದ ತಂದ ಕಣ್ಣಿನ ಮೇಲೆ ನೋಡ್ತಾರೆ, ಇದಕ್ಕೆ ಅದೂ ಬೇಕಿಲ್ಲ ಅಂತ ಅತ್ತೆಗೆ ವಿವರಿಸುತ್ತಿದ್ದಳು. ಅತ್ತೆ "ಅಯ್ಯೋ ಶಿವನೇ" ಅಂತ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ನಾನು ಮಾಡಿದ ಸಾಮಾನಿಗೆ ಹೊಗಳಿಕೆ ಅವಳಿಗೆ. ಮೈಯೆಲ್ಲಾ ಉರಿದುಹೋಯಿತು.

ಮಾರನೇ ದಿನ ಹಿರಿಯೂರು ಹೈವೇಯ ಹೋಟ್ಲಿನವರೊಬ್ಬರು ಸಾಮಾನು ನೋಡೋಕೆ ಬಂದರು. "ಹುಡುಗ್ರು ಕೈಗೆ ಏನಾದ್ರೂ ಆಗುತ್ತೇನಮ್ಮ?" ಅಂತ ಕೇಳಿದ್ದು ನನ್ನನ್ನೇ. ಅವಳು ಬಾಯಿ ತೆರೆಯೋಕೆ ಮುಂಚೆ ನಾನು ಅಂಗೈಗೆ ಸುರಿದುಕೊಂಡೆ. ಎರಡೂ ಕೈ ತಿಕ್ಕಿ ತೋರಿಸಿದೆ. "ನೋಡ್ರಿ, ಏನಾಯ್ತು? ಸೋಪು ಇದ್ದಂಗೆ ಐತೆ!"

"ಅಕ್ಕ, ಆ ಜಾರೋದು ಸೋಪಲ್ಲ, ನಿಮ್ಮ ಚರ್ಮನೇ!" ಅಂತ ಅವಳು ಓಡಿಬಂದಳು. ಅವಳ ಕೈಯಿಂದ ತಪ್ಪಿಸಿಕೊಳ್ಳೋಕೆ ಹಿಂದೆ ಸರಿದೆ. ಹಣೆಯ ಬೆವರು ಕಣ್ಣಿಗಿಳಿಯಿತು. ಅದೇ ಕೈಯಲ್ಲಿ ಒರೆಸಿಕೊಂಡೆ.

ಅಯ್ಯಪ್ಪಾ... ಆ ಉರಿ ಹೇಳೋಕೆ ಬರಲ್ಲ. ಕಣ್ಣಿಗೆ ಕೆಂಡ ಇಟ್ಟಂಗಾಯ್ತು. ಅವಳು ನನ್ನ ಜುಟ್ಟು ಹಿಡಿದು ಡ್ರಮ್ಮಿನ ಹತ್ತಿರ ಎಳೆದುಕೊಂಡು ಹೋದಳು. ಒಂದು ಪಕ್ಕಕ್ಕೆ ಮಲಗಿಸಿ, ಉರಿಯುವ ಕಣ್ಣು ಕೆಳಗೆ ಮಾಡಿ, ರೆಪ್ಪೆ ಬಿಡಿಸಿ ಪೈಪು ಹಿಡಿದಳು. ಅತ್ತೆ ಹರಳೆಣ್ಣೆ ಬಟ್ಟಲು ಹಿಡಿದು ಬಂದರು. ನಮ್ಮಲ್ಲಿ ಕಣ್ಣಿಗೆ ಏನು ಬಿದ್ದರೂ ಮೊದಲು ಹರಳೆಣ್ಣೆ ಬಿಡೋದು. ನಾನೂ "ಎಣ್ಣೆ ಬಿಡ್ರಿ, ಎಣ್ಣೆ ಬಿಡ್ರಿ" ಅಂತ ಕಿರುಚಿದೆ. ಅವಳು ಅತ್ತೆಯ ಕೈಯನ್ನೇ ತಳ್ಳಿದಳು. "ಎಣ್ಣೆ ಬ್ಯಾಡ ಅತ್ತೆ! ಬರೀ ನೀರು!" ನಾನು ಒದ್ದೆ, ಪರಚಿದೆ, ಬಾಯಿಗೆ ಬಂದಂಗೆ ಬೈದೆ. ಡ್ರಮ್ಮು ಬರಿದಾಗುವ ತನಕ ಅವಳು ಕೈ ಬಿಡಲಿಲ್ಲ.

ದುರ್ಗದ ದೊಡ್ಡಾಸ್ಪತ್ರೆಯ ಕಣ್ಣಿನ ಡಾಕ್ಟ್ರು ನೋಡಿ ಮೊದಲು ಕೇಳಿದ್ದೇ, "ನೀರು ಹಾಕಿದ್ದು ಯಾರು?" ಕಣ್ಣು ನಂದು, ಉರಿ ನಂದು, ಕೇಳಿದ್ದು ಮಾತ್ರ ಅವಳ ಬಗ್ಗೆ! ಇವಳು ಹಾಗೆ ತೊಳೆಯದಿದ್ದರೆ ಕಣ್ಣು ಉಳೀತಿರಲಿಲ್ಲ ಅಂದರು. ಬಸ್ಸಲ್ಲಿ ವಾಪಸ್ ಬರುವಾಗ ಅತ್ತೆ ದಾರಿಯುದ್ದಕ್ಕೂ ಅದೇ ಮಾತು ಎಲ್ಲರಿಗೂ ಹೇಳಿದರು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಕೂತಲ್ಲೇ ನಾನು ಹಲ್ಲು ಕಡಿದೆ. ಕಣ್ಣು ಉಳಿಸಿದವಳನ್ನು ನೆಮ್ಮದಿಯಾಗಿ ದ್ವೇಷ ಮಾಡೋಕೂ ಆಗಲ್ಲ ನೋಡಿ. ಆ ಸುಖವನ್ನೂ ಕಿತ್ತುಕೊಂಡಳು.

ಇನ್ನೂ ಕೇಳಿ. ಕೈ ಕರಗುವ ಚಿತ್ರ ಅಂಟಿಸಿ, ಕನ್ನಡಕ, ಗ್ಲೌಸು ಹಾಕ್ಕೊಂಡೇ ಬಳಸಿ ಅಂತ ಬರೆದು ಕಳಿಸಿದರೆ ಯಾರೂ ಕೊಳ್ಳಲ್ಲ ಅಂದುಕೊಂಡಿದ್ದೆ. ಹೊಸದುರ್ಗದ ಗ್ಯಾರೇಜಿನವರು "ಸುಡುತ್ತೆ ಅಂದ್ರೆ ಒಳ್ಳೇ ಸ್ಟ್ರಾಂಗ್ ಐತೆ" ಅಂತ ಕೇಳಿ ಕೇಳಿ ತರಿಸಿಕೊಂಡರು. ಅದರಲ್ಲೂ ಅವಳೇ ಗೆದ್ದಳು.

ಆಮೇಲೊಂದು ಮಳೆಗಾಲ ಅವಳು ಜ್ವರ ಅಂತ ಮಲಗಿದವಳು ಏಳಲಿಲ್ಲ. ವಯಸ್ಸಾದರೂ ಆಗಿತ್ತಾ... ಮಣ್ಣು ಮಾಡಿ ಬಂದ ಮೇಲೆ ಅತ್ತೆ ಮತ್ತೆ ಆ ಕುರ್ಚಿಯಲ್ಲೇ ಕುಂತರು. ಯಾರಾದರೂ ಏನಾದರೂ ಕೇಳಿದರೆ ಡ್ರಮ್ಮಿನ ಕಡೆ ನೋಡೋರು. ಸತ್ತ ಮೇಲೂ ಜಾಗ ಬಿಡಲಿಲ್ಲವಲ್ಲ ಇವಳು ಅಂತ ಆಗಲೂ ನನಗೆ ಕರುಬು ಬಂತು.

ಕನ್ನಡಕ ಸಿಕ್ಕಿದ ದಿನವೇ ನನ್ನ ಗಂಡ ಟೈಲ್ಸ್ ತೊಳೆಯುವ ಹೊಸ ಲಿಕ್ವಿಡ್ಡಿನ ಸ್ಯಾಂಪಲ್ ತಂದರು. ಜೊತೆಗೆ ಬಂದ ಮಾರಾಟದವನು "ಏನೂ ಆಗಲ್ಲ ಅಜ್ಜಿ, ಬರೀ ಕೈಯಲ್ಲೇ ಬಳಸಬಹುದು" ಅಂದ. ಅತ್ತೆಗೆ ಈಗ ದೃಷ್ಟಿ ಮಂಜು. ಕುರ್ಚಿಯಿಂದಲೇ ಅಂದರು:

"ನೀನು ಹೇಳಿದ್ರೆ ಆಯ್ತೇನಪ್ಪ? ದೊಡ್ಡೋಳನ್ನ ಕೇಳು."

ನಾನು ಆ ಕನ್ನಡಕ ಏರಿಸಿಕೊಂಡೆ. ಅವಳದು ಸಣ್ಣ ತಲೆ, ನನಗೆ ಪಟ್ಟಿ ಬಿಗಿಯಾಯಿತು. ಅವಳ ಆ ಕಾಗದದ ಪಟ್ಟಿ ಸ್ಯಾಂಪಲ್ಲಿಗೆ ಅದ್ದಿದೆ. ಕಡುಕೆಂಪು.

"ಸುಡುತ್ತೆ" ಅಂದೆ. "ಕಣ್ಣಿಗೂ."

"ದೊಡ್ಡೋಳು ಹೇಳಿದ ಮೇಲೆ ಮುಗೀತು" ಅಂದರು ಅತ್ತೆ.

ಎಷ್ಟು ವರ್ಷದಿಂದ ಕಾದಿದ್ದೆ ಆ ಮಾತಿಗೆ! ಕೇಳಿಸ್ತೇನೇ, ಈಗ ನಿನ್ನ ಹೊಟ್ಟೆ ಉರೀಲಿ ಅಂತ ಹಿಂದಕ್ಕೆ ತಿರುಗಿದೆ... ಅಲ್ಲಿ ಡ್ರಮ್ಮೊಂದೇ ಇತ್ತು. ತುಂಬಿತ್ತು. ಬೆಳಿಗ್ಗೆ ನಾನೇ ತುಂಬಿಸಿದ್ದೆ.