ಬುರುಡೆ ಹೇಳಿದ ಹಡಗಿನ ಕಥೆ

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಏನೋ ಒಂದಿತ್ತು. ಬಂದರಿನವರು ಇಟ್ಟಿದ್ದು ಬುರುಡೆ. ಬಾಯಿ ತೆರೆದರೆ ಬುರುಡೆ ಬಿಡುವವನನ್ನು ಇನ್ನೇನಂತ ಕರೆಯಬೇಕು ಹೇಳಿ? ಅಕ್ಕನ ಡೈವಿಂಗ್ ಅಂಗಡಿಯಲ್ಲಿ ಅವನು ಗೈಡು. ಬಂದ ಗುಂಪನ್ನು ದೋಣಿಯಲ್ಲಿ ಕರೆದೊಯ್ದು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ಹವಳದ ದಿಬ್ಬ ತೋರಿಸಿ, ಅದರ ಪಕ್ಕದಲ್ಲೇ ಮಗ್ಗುಲಾಗಿ ಮಲಗಿರುವ ಹಳೇ ಸರಕಿನ ಹಡಗನ್ನು ಸುತ್ತಿಸಿ ತರುವುದು ಕೆಲಸ. ನೀರಿನೊಳಗೆ ಬಾಯಲ್ಲಿ ಕೊಳವೆ ಇರುತ್ತದಲ್ಲ, ಮಾತಾಡುವಂತಿಲ್ಲ. ಅದನ್ನು ಬಡ್ಡಿ ಸಮೇತ ದೋಣಿಯಲ್ಲೇ ವಸೂಲಿ ಮಾಡುತ್ತಿದ್ದ.

ಹಡಗು ಯಾಕೆ ಮುಳುಗಿತು ಅನ್ನುವುದಕ್ಕೆ ಅವನ ಹತ್ತಿರ ಗುಂಪಿಗೊಂದು ಕಥೆ. ಹೊಸದಾಗಿ ಮದುವೆಯಾದವರಿಗೆ ಕ್ಯಾಪ್ಟನ್ನನ ಪ್ರೇಮಭಂಗ, ಕಾಲೇಜಿನವರಿಗೆ ಕಳ್ಳಸಾಗಣೆಯ ಚಿನ್ನ. ಒಮ್ಮೆ ಆ ಚಿನ್ನದ ಆಸೆಗೆ ಇಬ್ಬರು ಹಡಗಿನ ಹೊಟ್ಟೆಯೊಳಗೆ ನುಗ್ಗಿಬಿಟ್ಟರು. ಅವರನ್ನು ಎಳೆದು ತರುವಷ್ಟರಲ್ಲಿ ಸಿಲಿಂಡರಿನ ಗಾಳಿ ತಳ ಕಂಡಿತ್ತು. ಅವತ್ತು ಅಕ್ಕ ಕಡ್ಡಿ ಮುರಿದಂತೆ ಹೇಳಿದ್ದಳು: "ಇನ್ನೊಂದು ದೂರು ಬಂತೋ, ನೀರಿನ ಆಸೆ ಬಿಡು. ಅಂಗಡಿ ಹಿಂದೆ ಕೂತು ಸಿಲಿಂಡರಿಗೆ ಗಾಳಿ ತುಂಬು. ತಮ್ಮ ಅಂತ ನೋಡಲ್ಲ." ಬುರುಡೆಗೆ ಅದು ಜೈಲೇ ಸರಿ. ನೀರಿಗಿಳಿಯದ ದಿನ ಅವನಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಆದರೇನು, ಹುಟ್ಟುಗುಣ ಸುಟ್ಟರೂ ಹೋಗಲ್ಲ ನೋಡಿ.

ಆಮೇಲೊಂದು ಬೆಳಿಗ್ಗೆ ಬಂದದ್ದು ಒಂದು ಕುಟುಂಬ. ಅರವತ್ತು ದಾಟಿದರೂ ಗಟ್ಟಿಮುಟ್ಟಾಗಿದ್ದ ಯಜಮಾನರು, ಅವರ ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಸೊಸೆ. ಯಜಮಾನರಿಗೆ ಮಾತು ಕಮ್ಮಿ. ನೀರಿಗಿಳಿಯುವುದಿಲ್ಲ ಅಂದವರು ಅವರ ಹೆಂಡತಿ, ಆ ಅಜ್ಜಿಯೊಬ್ಬರೇ. ದೋಣಿ ಹೊರಟಿತೋ ಇಲ್ಲವೋ, ಬುರುಡೆಯ ನಾಲಿಗೆ ತುರಿಸತೊಡಗಿತು. ಸಂಸಾರಸ್ಥರ ಮುಂದೆ ಪ್ರೇಮ ಬೇಡ, ಚಿನ್ನವಂತೂ ಬೇಡವೇ ಬೇಡ. ನಿಂತ ನಿಲುವಿನಲ್ಲೇ ಹೊಸದೊಂದನ್ನು ಹೊಸೆದ.

"ಆ ಹಡಗಿಗೆ ಬೆಂಕಿ ಬಿದ್ದಿದ್ದು ಅಡುಗೆಮನೆಯಿಂದ. ಅಡುಗೆಯವನು ಭಾರೀ ಸೋಮಾರಿ! ಒಲೆ ಮೇಲೆ ಎಣ್ಣೆ ಬಾಣಲೆ ಇಟ್ಟ, ಎರಡು ನಿಮಿಷ ಅಂತ ಮೂಲೇಲಿ ಒರಗಿದ. ಅಷ್ಟೇ, ಗೊರಕೆ. ಏಳೋಷ್ಟರಲ್ಲಿ ಲಂಕಾದಹನ!"

ಯಾರೂ ನಗಲಿಲ್ಲ. ಅಜ್ಜಿ ಎದ್ದು ನಿಂತರು. "ಯಾರಪ್ಪಾ ಸೋಮಾರಿ? ಆ ಹಡಗಿನ ಅಡುಗೆಯವರು ಇವರೇ, ನಮ್ಮ ಯಜಮಾನರು! ವೈರು ಸುಟ್ಟು ಬೆಂಕಿ ಹತ್ತಿದಾಗ ಇಬ್ಬರನ್ನ ಹೊತ್ತು ಆಚೆ ತಂದವರು. ಎಲ್ಲರೂ ಇಳಿದಮೇಲೆ ಇಳಿದವರು. ದಡಕ್ಕೆ ಬಾ, ಅಂಗಡಿಯಮ್ಮನನ್ನೇ ಕೇಳ್ತೀನಿ."

ಬುರುಡೆಯ ಮುಖ ಇಂಗು ತಿಂದ ಮಂಗನ ಹಾಗಾಯಿತು. ಯಜಮಾನರು ಅವನನ್ನೇ ದಿಟ್ಟಿಸುತ್ತಿದ್ದರು. "ನಿಂಗೆ ಇದನ್ನ ಯಾರು ಹೇಳಿದ್ರು?" ಎಂದು ಮೆಲ್ಲಗೆ ಕೇಳಿದರು.

"ಯಾರೂ ಇಲ್ಲ ಯಜಮಾನ್ರೇ, ಬಾಯಿಗೆ ಬಂದಿದ್ದು ಒದರಿದೆ. ತಪ್ಪಾಯ್ತು."

ಅವರು ಮಾಸ್ಕ್ ಬಿಗಿದುಕೊಂಡು ನೀರಿಗೆ ಧುಮುಕಿದರು.

ಕೆಳಗೆ ಮಕ್ಕಳೂ ಸೊಸೆಯೂ ದೋಣಿಯಲ್ಲಿ ಜೊತೆಗೆ ಬಂದಿದ್ದ ಇನ್ನೊಬ್ಬ ಗೈಡಿನೊಂದಿಗೆ ಹವಳದ ನಡುವಿನ ಹಳದಿ ಮೀನುಗಳಿಗೆ ಮನಸೋತು ಅಲ್ಲೇ ಉಳಿದರು. ಯಜಮಾನರು ಬುರುಡೆಯ ಕೈ ಹಿಡಿದು ಹಡಗಿನತ್ತ ಎಳೆದರು. ದಾರಿ ತೋರಿಸಬೇಕಾದವನು ಹಿಂದೆ, ನೋಡಲು ಬಂದವರು ಮುಂದೆ! ಗೋಡೆ ಕಿತ್ತುಹೋದ ಅಡುಗೆಮನೆ. ತುಕ್ಕು ಹಿಡಿದ ಒಲೆಯ ಮೇಲೆ ಹವಳ ಬೆಳೆದು, ಸಂದಿಯಲ್ಲಿ ಪುಟ್ಟ ಏಡಿಯೊಂದು ಸಂಸಾರ ಹೂಡಿತ್ತು. ಯಜಮಾನರು ಒಲೆ ತೋರಿಸಿದರು. ಅಂಗೈಯನ್ನು ಕೆನ್ನೆಗಿಟ್ಟು ತಲೆ ವಾಲಿಸಿದರು. ಆಮೇಲೆ ಬೆರಳನ್ನು ತಮ್ಮ ಎದೆಗೇ ತಿರುಗಿಸಿದರು. ಕೊನೆಗೆ ಮೇಲೆ, ಅಜ್ಜಿ ಕೂತಿದ್ದ ದೋಣಿಯ ನೆರಳಿನತ್ತ ನೋಡಿ, ಬೇಡ ಎನ್ನುವಂತೆ ತಲೆಯಾಡಿಸಿ, ಬುರುಡೆಗೆ ಎರಡೂ ಕೈ ಮುಗಿದರು.

ಅಯ್ಯೋ ದೇವರೇ! ಜನ್ಮದಲ್ಲಿ ಬಿಟ್ಟ ಸಾವಿರ ಸುಳ್ಳಿನಲ್ಲಿ ಒಂದು ಗುರಿ ತಪ್ಪಿ ನಿಜಕ್ಕೆ ಬಡಿದಿತ್ತು. ಮೊದಲು ಅವನಿಗೆ ಖುಷಿಯೇ ಆಯಿತು, ಯಾಕೆ ಮುಚ್ಚಿಡಬೇಕು. ಬಚಾವಾದೆ, ಅಕ್ಕನ ಮುಂದೆ ಇವರನ್ನೇ ಸಾಕ್ಷಿಗೆ ನಿಲ್ಲಿಸಿದರಾಯಿತು! ಆಮೇಲೆ ಆ ಮುಗಿದ ಕೈಗಳನ್ನು ನೋಡಿದ. ಪಾಪ ಅನ್ನಿಸಿತು.

ಅಜ್ಜಿ ಹೇಳಿದ ಮಾತಿಗೆ ತಪ್ಪುವವರಲ್ಲ. ದೋಣಿ ದಡ ಮುಟ್ಟಿದ್ದೇ ತಡ, ಅಕ್ಕನ ಮುಂದೆ ಎಲ್ಲ ಒಪ್ಪಿಸಿದರು. ಅಕ್ಕ ಸೊಂಟದ ಮೇಲೆ ಕೈಯಿಟ್ಟಳು.

"ಅಡುಗೆಯವರು ಮಲಗಿದ್ರು ಅಂದ್ಯಾ?"

"ಅಂದೆ."

"ನಿಜಾನೋ, ಸುಳ್ಳೋ?"

ಮೈಗಂಟಿದ ರಬ್ಬರ್ ಉಡುಪು ಬಿಚ್ಚುತ್ತಿದ್ದ ಯಜಮಾನರ ಕೈ ಹಾಗೇ ನಿಂತಿತು. ಬುರುಡೆ ತಲೆ ಕೆರೆದುಕೊಂಡ.

"ಸುಳ್ಳಕ್ಕಾ. ಅಪ್ಪಟ ಸುಳ್ಳು."

"ಹಾಗಾದ್ರೆ ನಡಿ ಹಿಂದುಗಡೆ. ಇವತ್ತಿಂದ್ಲೇ."

"ಇವನ ಮುಖ ನೋಡಿದಾಗ್ಲೇ ಸುಳ್ಳ ಅಂದ್ಕೊಂಡೆ," ಅಂದರು ಅಜ್ಜಿ, ಸಮಾಧಾನವಾಗಿ.

ಹಿಂದಿನ ಕೋಣೆಯಲ್ಲಿ ಗಾಳಿ ತುಂಬುವ ಯಂತ್ರ ಕಿವಿ ಕಿತ್ತುಹೋಗುವಂತೆ ಬಡಿದುಕೊಳ್ಳುತ್ತಿತ್ತು. ಬುರುಡೆ ಒಂದೊಂದೇ ಸಿಲಿಂಡರ್ ಸಿಕ್ಕಿಸುತ್ತಿದ್ದ. ತಲೆ ಎತ್ತಿದರೆ ಬಾಗಿಲಲ್ಲಿ ಯಜಮಾನರು, ಒಬ್ಬರೇ. ಯಂತ್ರ ನಿಲ್ಲಿಸಿದ.

"ಎರಡೇ ನಿಮಿಷ ಅಂತ ಒರಗಿದ್ದು," ಅಂದರು ಅವರು. ಕಣ್ಣು ತುಂಬಿತ್ತು. "ಒಲೆ ಆರಿಸಿದ್ದೀನಿ ಅಂದ್ಕೊಂಡಿದ್ದೆ, ಮಗಾ."

"ಆರಿಸಿದ್ರಿ ಯಜಮಾನ್ರೇ," ಅಂದ ಬುರುಡೆ. "ಆರಿಸಿಲ್ಲ ಅಂದಿದ್ದು ನಾನು. ನನ್ನ ಮಾತನ್ನ ಯಾರಾದ್ರೂ ನಂಬ್ತಾರಾ?"