ಕರಣೆ ಬಿಡದ ಗಾರೆ ಅಕ್ಕ

ಬೆಳಗಿನ ಆರೂವರೆ. ಬಾಗಿಲು ಇನ್ನೂ ಕೂರಿಸದ ಹೊಸ ಮನೆಯ ಅಡುಗೆಕೋಣೆಯಲ್ಲಿ ಗಾರೆ ಅಕ್ಕ ನೆಲಕ್ಕೆ ಟೈಲ್ಸ್ ಹಾಕುತ್ತಿದ್ದಾರೆ. ಕುಳಿತಿರುವುದು ಚಕ್ರ ಜೋಡಿಸಿದ ಗಿಡ್ಡ ಹಲಗೆಯ ಮೇಲೆ. ಒಂದು ಸಾಲು ಮುಗಿದರೆ ಹಲಗೆ ಬಾಗಿಲ ಕಡೆಗೆ ಹಿಂದೆ ಸರಿಯುತ್ತದೆ. "ಗಾಡಿ ಬಂತು, ದಾರಿ ಬಿಡ್ರಪ್ಪೋ," ಎಂದು ಜೊತೆಯವರು ರೇಗಿಸುತ್ತಾರೆ. "ಟಿಕೆಟ್ ತಗೊಂಡು ಹತ್ತಿ," ಎನ್ನುತ್ತಾರೆ ಅಕ್ಕ, ತಲೆ ಎತ್ತದೆ.

ಗಾರೆ ಕೆಲಸದಲ್ಲಿ ಹೆಂಗಸರೆಂದರೆ ಮರಳು ಹೊರುವವರು ಎಂದು ಲೋಕ ಯಾವತ್ತೋ ತೀರ್ಮಾನಿಸಿಬಿಟ್ಟಿದೆ. ವರ್ಷಗಟ್ಟಲೆ ಬಾಣಲೆ ಹೊತ್ತು, ಬೈಸಿಕೊಂಡು, ಹಟಕ್ಕೆ ಬಿದ್ದು ಗಾರೆ ಬಳಿಯುವ ಕರಣೆ ಹಿಡಿದವರು ಇವರು. ಅದೇ ಕರಣೆ ಈಗ ಕೈತಪ್ಪುವುದರಲ್ಲಿದೆ. ಹೋದ ವರ್ಷ ಎರಡೂ ಮಂಡಿ ಊದಿಕೊಂಡವು. ಬೆಳಿಗ್ಗೆ ಎದ್ದರೆ ಕಾಲು ಕೊರಡು. ಬಿಸಿಲೇರಿದ ಮೇಲೆ ಸಡಿಲ. ನೆಲದ ಕೆಲಸದವರಿಗೆ ಮಂಡಿನೋವು ಇದ್ದದ್ದೇ ಎಂದುಕೊಂಡು, ಎಲ್ಲರಂತೆ ಇವರೂ ಇಟ್ಟಿಗೆ ಕಾಯಿಸಿ, ಸಿಮೆಂಟ್ ಚೀಲದಲ್ಲಿ ಸುತ್ತಿ ಕಾವು ಕೊಟ್ಟುಕೊಂಡರು. ಊತ ಇನ್ನಷ್ಟು ಏರಿದಾಗ ಆಸ್ಪತ್ರೆಗೆ ಹೋದರು.

"ಡಾಕ್ಟರಮ್ಮ ಚೆನ್ನಾಗಿ ಉಗಿದ್ರು," ಎಂದು ನಗುತ್ತಾರೆ. "'ಮೊದಲೇ ಉರೀತಿರೋ ಮಂಡಿಗೆ ಕಾದ ಇಟ್ಟಿಗೆ ಇಡ್ತೀಯಾ?' ಅಂದ್ರು. ಇದು ಸವೆತ ಅಲ್ವಂತೆ, ಸಂಧಿವಾತ. ಈಗಷ್ಟೇ ಶುರು, ಬೇಗ ಬಂದಿದ್ದು ಒಳ್ಳೇದಾಯ್ತು ಅಂದ್ರು."

ಮಂಡಿಯ ನೀರು ತೆಗೆದರು, ರಕ್ತ ಪರೀಕ್ಷೆ ಮಾಡಿಸಿದರು, ವಾರಕ್ಕೊಮ್ಮೆ ನುಂಗುವ ಮಾತ್ರೆ ಬರೆದರು, ತೊಡೆಗೆ ಬಲ ಬರುವ ವ್ಯಾಯಾಮ ಕಲಿಸಿದರು. ಮಂಡಿಯೂರಿ ಕೂರಬೇಡ ಎಂದರು; ಹಲಗೆ ಹುಟ್ಟಿದ್ದು ಹಾಗೆ. ಕಾಯಿಲೆ ಪೂರ್ತಿ ಬಿಟ್ಟುಹೋಗುತ್ತದೆಂದು ಯಾರೂ ಮಾತು ಕೊಟ್ಟಿಲ್ಲ. ಶುರುವಿನಲ್ಲೇ ಹತೋಟಿಗೆ ತಂದರೆ ಕೀಲು ಉಳಿಸಿಕೊಳ್ಳಬಹುದು, ಅಷ್ಟೇ.

ಊತ ಇಳಿದದ್ದೇ ತಡ, ಅಕ್ಕ ಮಾತ್ರೆ ನಿಲ್ಲಿಸಿದರು. ಮಂಡಿ ಮತ್ತೆ ಊದಿತು. "ಗಾರೆ ಮೇಲೆ ಒಣಗಿದಂಗೆ ಕಂಡ್ರೂ ಒಳಗೆ ಹಸಿ ಇರುತ್ತೆ. ದಿನಾ ಅದೇ ಕೆಲಸ ಮಾಡೋಳು ನಾನು, ನನ್ನ ಮಂಡಿ ವಿಷಯದಲ್ಲೇ ಮೋಸಹೋದೆ ನೋಡಿ," ಎನ್ನುತ್ತಾರೆ. ಈಗ ಮಾತ್ರೆ ತಪ್ಪಿಸುವುದಿಲ್ಲ, ಊತ ಹತೋಟಿಯಲ್ಲಿದೆ.

ಆದರೆ ಮೇಸ್ತ್ರಿಗೆ ನಂಬಿಕೆ ಇಲ್ಲ. "ಟೈಲ್ಸ್ ನೀರಲ್ಲಿ ನೆನೆಸ್ಕೊಂಡು ಆರಾಮಾಗಿ ಕೂತ್ಕೋ ತಾಯಿ. ಕರಣೆ ಇನ್ನು ನಿನ್ನ ಕೈಲಾಗಲ್ಲ," ಎಂದಿದ್ದಾರೆ. ಆ ಕರುಣೆ ಕೇಳಿ, ಕೆಲಸ ನೋಡಲು ಬಂದ ನನಗೇ ಮೈಯೆಲ್ಲ ಉರಿಯಿತು. ಅಕ್ಕ ಜಗಳಕ್ಕೆ ಹೋಗಲಿಲ್ಲ. "ಈ ಅಡುಗೆಕೋಣೆ ನಾನೇ ಮುಗಿಸ್ತೀನಿ. ನೋಡಿ ಆಮೇಲೆ ಮಾತಾಡಿ. ಮಾತ್ರೆ ಸಾಯೋತನಕ ನುಂಗು ಅಂದ್ರೂ ನುಂಗ್ತೀನಿ, ಕರಣೆ ಮಾತ್ರ ಕೊಡಲ್ಲ," ಎಂದು ಪಟ್ಟು ಹಿಡಿದಿದ್ದಾರೆ.

ಮಧ್ಯಾಹ್ನ ಕೊನೆಯ ಸಾಲೂ ಮುಗಿಯುತ್ತದೆ. ಮೇಸ್ತ್ರಿ ಹಸಿ ನೆಲ ತುಳಿಯದೆ ಬಾಗಿಲಲ್ಲೇ ಕೂತು, ಉದ್ದದ ಪಟ್ಟಿ ಚಾಚಿ, ಅದರ ಮೇಲೆ ರಸಮಟ್ಟ ಇಡುತ್ತಾರೆ. ಅದರ ಗಾಜಿನೊಳಗಿನ ಗುಳ್ಳೆ ನಡುವಿನಲ್ಲೇ ನಿಲ್ಲುತ್ತದೆ; ನೆಲ ಸಮ. ಪಟ್ಟಿ ತಿರುಗಿಸಿ ಇಡುತ್ತಾರೆ, ಆಗಲೂ ಅಲ್ಲೇ. ಪಟ್ಟಿ ಎತ್ತಿಕೊಂಡು, "ನಡುಮನೆ ಯಾವಾಗ ಶುರು ಮಾಡ್ತೀಯ?" ಎಂದು ಕೇಳುತ್ತಾರೆ.

"ಅಳತೆ ನಿನ್ನೇನೇ ತಗೊಂಡಾಯ್ತು," ಎನ್ನುತ್ತಾರೆ ಗಾರೆ ಅಕ್ಕ.